ಸೋಲಿಲ್ಲದ ಋತು: ಆ್ಯನ್ ಆರ್ಬರ್‌ನಲ್ಲಿ ನಾನು ಕಂಡ ಕಾಲೇಜು ಫುಟ್‌ಬಾಲ್

2023ರ ಋತು ಆರಂಭವಾಗುವ ಹೊತ್ತಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಕುರಿತು ಅದರ ಊರಾದ ಆ್ಯನ್ ಆರ್ಬರ್‌ನವರ ಮಾತಿನಲ್ಲಿ ಹೆಮ್ಮೆಗಿಂತ ಅಳುಕೇ ಹೆಚ್ಚಾಗಿತ್ತು. ಹಿಂದಿನ ಎರಡು ವರ್ಷವೂ ತಂಡವು ಬದ್ಧವೈರಿ ಓಹಾಯೊ ಸ್ಟೇಟ್ ತಂಡವನ್ನು ಸೋಲಿಸಿ, ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕೂಟದ ಪ್ರಶಸ್ತಿ ಗೆದ್ದು, ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಸೆಮಿಫೈನಲ್ ತಲುಪಿ, ಎರಡು ಸಲವೂ ಅಲ್ಲಿಯೇ ಎಡವಿತ್ತು: ಮೊದಲು ಜಾರ್ಜಿಯಾ ಎದುರು 34-11ರಿಂದ, ಮರುವರ್ಷ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಎದುರು 51-45ರಿಂದ. ಕೊನೆಯ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1997ರಲ್ಲಿ. ಅದನ್ನೂ ನೆಬ್ರಾಸ್ಕಾ ಜೊತೆ ಹಂಚಿಕೊಳ್ಳಬೇಕಾಗಿತ್ತು. ನಾನು ಸ್ನಾತಕೋತ್ತರ ವ್ಯಾಸಂಗಕ್ಕೆಂದು ಆ್ಯನ್ ಆರ್ಬರ್‌ಗೆ ಬಂದಿಳಿದದ್ದು ಇಂಥ ಹೊತ್ತಿನಲ್ಲಿ. ಆ ಆಟದ ಬಗ್ಗೆ ನನಗೆ ತಿಳಿದಿದ್ದುದು ಅದನ್ನು ಹೆಲ್ಮೆಟ್ ಧರಿಸಿ ಆಡುತ್ತಾರೆ ಎಂಬುದಷ್ಟೇ.

ವಿದ್ಯಾರ್ಥಿಗಳಿಗೆ ರಿಯಾಯಿತಿ ದರದಲ್ಲಿ ಇಡೀ ಋತುವಿನ ಟಿಕೆಟ್ ಸಿಗುತ್ತದೆ. ಕೊಳ್ಳುವುದೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದಾಗ, ಲ್ಯಾಬಿನಲ್ಲಿ ಪಕ್ಕದ ಮೇಜಿನವನಾದ, ಹುಟ್ಟಾ ಮಿಷಿಗನ್ನಿನವನೊಬ್ಬ, ಇಲ್ಲಿಗೆ ಬಂದು ಟಿಕೆಟ್ ಕೊಳ್ಳದಿದ್ದರೆ ಪದವಿ ಅಪೂರ್ಣ ಎಂದು ಗಂಭೀರವಾಗಿಯೇ ಹೇಳಿದ. ಕೊಂಡೆ. ಸುಮಾರು 1.2 ಲಕ್ಷ ಜನಸಂಖ್ಯೆಯ ಊರಿನಲ್ಲಿ 1,07,601 ಮಂದಿ ಕೂರುವ ಕ್ರೀಡಾಂಗಣವಿದೆ ಎಂಬುದನ್ನು ಅಂಕಿಯಾಗಿ ಓದುವುದು ಬೇರೆ, ಪಂದ್ಯದ ಶನಿವಾರ ಆ ಊರಿನ ಬೀದಿಯಲ್ಲಿ ನಡೆಯುವುದು ಬೇರೆ. ಬೆಳಗಿನ ಎಂಟು ಗಂಟೆಗೇ ಕ್ರೀಡಾಂಗಣದ ಸುತ್ತಲಿನ ಮನೆಗಳವರು ತಮ್ಮ ಹುಲ್ಲಿನಂಗಳದಲ್ಲಿ ಕಾರು ನಿಲ್ಲಿಸಲು ಬಾಡಿಗೆ ವಸೂಲಿ ಮಾಡುತ್ತ ರಟ್ಟಿನ ಫಲಕ ಹಿಡಿದು ನಿಂತಿರುತ್ತಾರೆ. ಗಾಲ್ಫ್ ಮೈದಾನವೂ ಹೈಸ್ಕೂಲಿನ ಆವರಣವೂ ಕಾರುಗಳಿಂದ ತುಂಬಿಹೋಗುತ್ತವೆ. ಹಳದಿ ಮತ್ತು ಕಡುನೀಲಿ ಬಣ್ಣದ ಅಂಗಿ ತೊಟ್ಟ ಮೂರು ತಲೆಮಾರಿನವರು ಕಾರಿನ ಹಿಂಬದಿ ತೆರೆದಿಟ್ಟು, ಕೆಂಡದ ಮೇಲೆ ಮಾಂಸ ಸುಡುತ್ತ, ದಾರಿಹೋಕರಿಗೂ ತಟ್ಟೆ ಚಾಚುತ್ತಾರೆ. ಸಸ್ಯಾಹಾರಿಯಾದ ನನಗೆ ಸಿಕ್ಕಿದ್ದು ಬಹುಪಾಲು ಜೋಳದ ಚಿಪ್ಸು ಮಾತ್ರ.

1927ರಲ್ಲಿ ಕಟ್ಟಿದ ಈ ಕ್ರೀಡಾಂಗಣದ ಬಹುಭಾಗ ನೆಲದೊಳಗಿದೆ. ಬೆಂಗಳೂರಿನ ಚಿನ್ನಸ್ವಾಮಿಯ ಎರಡೂವರೆ ಪಟ್ಟಿಗೂ ಹೆಚ್ಚು ಜನ ಹಿಡಿಸುವ ಕಟ್ಟಡ ದೂರದಿಂದ ಅಷ್ಟೇನೂ ಎತ್ತರವಾಗಿ ಕಾಣದ ಕಾರಣ, ಚೀಲ ಒಯ್ಯಬಾರದೆಂಬ ನಿಯಮದ ತಪಾಸಣೆ ದಾಟಿ ಒಳಗೆ ಕಾಲಿಟ್ಟ ಕ್ಷಣದಲ್ಲಿ, ಮೇಲೆ ಹತ್ತುವ ಬದಲು ಕೆಳಗಿಳಿಯಬೇಕಾಗಿ ಬಂದಾಗ, ದಿಕ್ಕು ತೋಚದಂತಾಗುತ್ತದೆ. ವಿದ್ಯಾರ್ಥಿಗಳ ಭಾಗದಲ್ಲಿ ಯಾರೂ ಕೂರುವುದಿಲ್ಲ. ಮೂರೂವರೆ ಗಂಟೆ ಕಾಲ ಬೆಂಚಿನ ಮೇಲೆ ನಿಂತೇ ನೋಡುತ್ತಾರೆ. ಬೆಂಚಿನ ಮೇಲೆ ಬರೆದ ಆಸನದ ಸಂಖ್ಯೆಗಳ ನಡುವಿನ ಅಂತರ ನೋಡಿದರೆ, ಚಳಿಗಾಲದ ಕೋಟು ತೊಟ್ಟ ಮನುಷ್ಯರನ್ನು ಎಣಿಸಿ ಅದನ್ನು ಅಳೆದಿಲ್ಲವೆಂಬುದು ಸ್ಪಷ್ಟ.

ಆಟದ ನಿಯಮ ಮೇಲುನೋಟಕ್ಕೆ ಸರಳವಾಗಿದೆ. ಚೆಂಡು ಹೊಂದಿದ ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಅಷ್ಟರಲ್ಲಿ ಹತ್ತು ಯಾರ್ಡ್ ಮುನ್ನಡೆದರೆ ಮತ್ತೆ ನಾಲ್ಕು ಯತ್ನ. ಹೀಗೆ ಎದುರಾಳಿಯ ತುದಿಗೆರೆ ದಾಟಿದರೆ ಟಚ್‌ಡೌನ್, ಅಂದರೆ ಆರು ಅಂಕ. ಆ ಬಳಿಕ ಕಂಬಗಳ ನಡುವೆ ಒದ್ದರೆ ಮತ್ತೊಂದು. ದೂರದಿಂದಲೇ ಒದ್ದು ಕಂಬಗಳ ನಡುವೆ ತೂರಿಸಿದರೆ ಮೂರು. ಚೆಂಡನ್ನು ಎಸೆದೂ ಮುನ್ನಡೆಯಬಹುದು, ಹಿಡಿದು ಓಡಿಯೂ ಮುನ್ನಡೆಯಬಹುದು. ಮೊದಲ ಪಂದ್ಯದಲ್ಲಿ ಈಸ್ಟ್ ಕ್ಯಾರೊಲೈನಾ ತಂಡವನ್ನು 30-3ರಿಂದ ಸೋಲಿಸಿದಾಗ ನಾನು ಎಲ್ಲರಂತೆ ಚೆಂಡನ್ನೇ ನೋಡುತ್ತಿದ್ದೆ. ಸೋಮವಾರ ಲ್ಯಾಬಿನ ಗೆಳೆಯ ಬಿಳಿಹಲಗೆಯ ಮೇಲೆ ಐದು ಸೊನ್ನೆ ಬರೆದು, ಚೆಂಡನ್ನು ನೋಡಬೇಡ, ಇವರನ್ನು ನೋಡು ಎಂದ. ಅಫೆನ್ಸಿವ್ ಲೈನ್ ಎನಿಸಿಕೊಳ್ಳುವ ಆ ಐವರು ತಲಾ ಸುಮಾರು 140 ಕಿಲೋ ತೂಗುವವರು; ಚೆಂಡು ಹಿಡಿಯುವುದು ಅವರ ಕೆಲಸವಲ್ಲ, ಅವರ ಹೆಸರನ್ನು ಯಾರೂ ಕೂಗುವುದೂ ಇಲ್ಲ; ಎದುರಿನವರನ್ನು ಬದಿಗೆ ತಳ್ಳಿ, ಓಡುವವನಿಗೆ ಒಂದು ಕ್ಷಣದ ಕಿಂಡಿ ತೆರೆಯುವುದಷ್ಟೇ ಅವರ ಕರ್ತವ್ಯ. ಮಿಷಿಗನ್ನಿನ ಈ ಸಾಲು 2021 ಮತ್ತು 2022ರಲ್ಲಿ ದೇಶದ ಅತ್ಯುತ್ತಮ ಸಾಲಿಗೆ ಕೊಡುವ ಜೋ ಮೂರ್ ಪ್ರಶಸ್ತಿಯನ್ನು ಪಡೆದಿತ್ತು.

ಮುಂದಿನ ಪಂದ್ಯದಿಂದ ನಾನು ಹಾಗೆಯೇ ನೋಡತೊಡಗಿದೆ, ಮತ್ತು ಆಟವೇ ಬೇರೆಯಾಗಿ ಕಾಣತೊಡಗಿತು. ಮೊದಲರ್ಧದಲ್ಲಿ ಎರಡು ಯಾರ್ಡ್, ಮೂರು ಯಾರ್ಡ್ ಸಿಗುತ್ತಿದ್ದ ಅದೇ ಓಟ ಮೂರನೆಯ ಕಾಲುಭಾಗದ ಹೊತ್ತಿಗೆ ಆರು, ಎಂಟು ಆಗುತ್ತಿತ್ತು. ಎದುರಾಳಿಯ ಕಾಲು ಸೋಲುವವರೆಗೆ ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುವ ಈ ಪರಿಯಲ್ಲಿ ನನಗೆ ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯದ ಮೂರನೆಯ ದಿನ ಬ್ಯಾಟು ಹಿಡಿದಂತೆ ಕಂಡಿತು. ಬ್ಲೇಕ್ ಕೋರಮ್ ಎಂಬ ಗಿಡ್ಡ, ಗಟ್ಟಿ ಮೈಕಟ್ಟಿನ ಓಟಗಾರ ಆ ಋತುವಿನಲ್ಲಿ ಓಡಿಯೇ 27 ಟಚ್‌ಡೌನ್ ಗಳಿಸಿದ. ಅವುಗಳಲ್ಲಿ ಬಹುಪಾಲು ಗೆರೆಯ ಹತ್ತಿರದ ಪುಟ್ಟ ಓಟಗಳು, ಅಂದರೆ ಆ ಐವರ ದುಡಿಮೆ.

ಸೆಪ್ಟೆಂಬರ್, ಅಕ್ಟೋಬರ್ ಪಂದ್ಯಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೊದಲ ಎಂಟು ಪಂದ್ಯಗಳಲ್ಲಿ ಯಾವ ಎದುರಾಳಿಯೂ 10 ಅಂಕ ದಾಟಲಿಲ್ಲ; ನೆರೆಯ ಮಿಷಿಗನ್ ಸ್ಟೇಟ್ ತಂಡವನ್ನು ಅದರ ನೆಲದಲ್ಲೇ 49-0ರಿಂದ ಸೋಲಿಸಿಯಾಯಿತು. ಎದುರಾಳಿಗಳು ದುರ್ಬಲರೆಂಬ ಟೀಕೆ ಇತ್ತು, ಅದು ನ್ಯಾಯವಾದದ್ದೇ ಆಗಿತ್ತು. ಕ್ರೀಡಾಂಗಣದಲ್ಲಿ ಮೂರನೆಯ ಕಾಲುಭಾಗ ಮುಗಿಯುವ ಮುನ್ನವೇ ಜನ ಏಳುತ್ತಿದ್ದರು.

ನಿಜವಾದ ಕೋಲಾಹಲ ಮೈದಾನದ ಹೊರಗಿನಿಂದ ಬಂತು. ಕೋಚ್ ಜಿಮ್ ಹಾರ್ಬಾ ಇದೇ ವಿಶ್ವವಿದ್ಯಾಲಯದ ಎಂಬತ್ತರ ದಶಕದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ. ಕೋವಿಡ್ ಕಾಲದಲ್ಲಿ ಆಟಗಾರರನ್ನು ಸೇರಿಸಿಕೊಳ್ಳುವ ನಿಯಮಗಳ ಉಲ್ಲಂಘನೆಯ ವಿಚಾರಣೆಯಿಂದಾಗಿ ವಿಶ್ವವಿದ್ಯಾಲಯವೇ ಅವರನ್ನು ಮೊದಲ ಮೂರು ಪಂದ್ಯಗಳಿಂದ ದೂರವಿಟ್ಟಿತ್ತು. ಅವರು ಹಿಂದಿರುಗಿ ಎಲ್ಲವೂ ತಣ್ಣಗಾಯಿತು ಎನ್ನುವಷ್ಟರಲ್ಲಿ, ಅಕ್ಟೋಬರ್ ಮೂರನೆಯ ವಾರ ಇನ್ನೊಂದು ಸುದ್ದಿ ಹೊರಬಿತ್ತು. ಆಗ ಕಾಲೇಜು ಫುಟ್‌ಬಾಲ್‌ನಲ್ಲಿ ಕೋಚ್ ಆಟಗಾರನ ಜೊತೆ ಹೆಲ್ಮೆಟ್ಟಿನ ರೇಡಿಯೊ ಮೂಲಕ ಮಾತಾಡುವ ವ್ಯವಸ್ಥೆ ಇರಲಿಲ್ಲ. ಮೈದಾನದ ಅಂಚಿನಲ್ಲಿ ನಿಂತು ಕೈಸನ್ನೆಯಿಂದಲೋ ಚಿತ್ರಗಳಿರುವ ಫಲಕಗಳಿಂದಲೋ ಮುಂದಿನ ಆಟವನ್ನು ತಿಳಿಸುತ್ತಿದ್ದರು. ಪಂದ್ಯ ನಡೆಯುವಾಗ ಕಣ್ಣಿಗೆ ಬಿದ್ದ ಎದುರಾಳಿಯ ಸನ್ನೆಯನ್ನು ಬಿಡಿಸಿಕೊಳ್ಳುವುದು ತಪ್ಪಲ್ಲ. ಆದರೆ ಮುಂದೆ ಎದುರಿಸಬೇಕಾದ ತಂಡದ ಪಂದ್ಯಕ್ಕೆ ಜನರನ್ನು ಮೊದಲೇ ಕಳುಹಿಸಿ ನೋಡಿಸುವುದನ್ನು 1994ರಿಂದಲೇ ನಿಷೇಧಿಸಲಾಗಿದೆ. ತಂಡದ ಸಿಬ್ಬಂದಿಯಲ್ಲೊಬ್ಬನಾದ ಕಾನರ್ ಸ್ಟಾಲಿಯನ್ಸ್ ಎಂಬಾತ ಎದುರಾಳಿಗಳ ಪಂದ್ಯಗಳಿಗೆ ಟಿಕೆಟ್ ಕೊಂಡು, ಪರಿಚಿತರನ್ನು ಕಳುಹಿಸಿ, ಸನ್ನೆಗಳನ್ನು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದನೆಂಬುದು ಆರೋಪ. ಅವನು ನವೆಂಬರ್ ಆರಂಭದಲ್ಲಿ ರಾಜೀನಾಮೆ ಕೊಟ್ಟ. ನವೆಂಬರ್ 10ರ ಶುಕ್ರವಾರ, ತಂಡ ಪೆನ್ ಸ್ಟೇಟ್ ಪಂದ್ಯಕ್ಕೆ ಹೊರಟ ದಿನವೇ, ಬಿಗ್ ಟೆನ್ ಕೂಟವು ಹಾರ್ಬಾ ಅವರನ್ನು ಉಳಿದ ಮೂರು ಲೀಗ್ ಪಂದ್ಯಗಳಿಂದ ಅಮಾನತುಗೊಳಿಸಿತು.

ಊರಿನಲ್ಲಿ ಅದಕ್ಕೆ ಬಂದ ಪ್ರತಿಕ್ರಿಯೆ ಸಿಟ್ಟು. ವಿಚಾರಣೆ ಮುಗಿಯುವ ಮೊದಲೇ ಶಿಕ್ಷೆ ಎಂಥದು ಎಂಬುದು ಎಲ್ಲರ ಪ್ರಶ್ನೆ. ಲ್ಯಾಬಿನ ಗೆಳೆಯನಂತೂ ಆ ದಿನ ಕೆಲಸವನ್ನೇ ಮಾಡಲಿಲ್ಲ. ಹೊರಗಿನಿಂದ ಬಂದ ನನಗೆ ಅಷ್ಟು ಕೋಪ ಬರಲಿಲ್ಲ. ನಿಯಮ ಮುರಿದದ್ದು ನಿಜವಿದ್ದರೆ ದಂಡ ತೆರಬೇಕಾದದ್ದೇ, ಮತ್ತು ತನ್ನ ಕೈಕೆಳಗಿನವನು ಮಾಡುವುದು ಗೊತ್ತಿರಲಿಲ್ಲ ಎಂಬ ಮಾತು ಎಷ್ಟು ದೊಡ್ಡವರ ಬಾಯಿಂದ ಬಂದರೂ ಪೂರ್ತಿ ಒಪ್ಪುವಂಥದ್ದಲ್ಲ ಎಂದೇ ನನಗೆ ಅನಿಸಿತು. ಅನಿಸಿದ್ದನ್ನು ಲ್ಯಾಬಿನಲ್ಲಿ ಹೇಳಲಿಲ್ಲ.

ಮರುದಿನ ನೀರು ತುಂಬುವ ಹಬ್ಬ. ದೀಪಾವಳಿಗೆಂದು ನಾನು ಕ್ಯಾಂಟನ್ನಿನಲ್ಲಿರುವ ದೂರದ ಸಂಬಂಧಿ ಅಕ್ಕನ ಮನೆಗೆ ಹೋಗಿದ್ದೆ. ಆ್ಯನ್ ಆರ್ಬರ್‌ಗೂ ಡೆಟ್ರಾಯಿಟ್‌ಗೂ ನಡುವಿನ ಆ ಊರಿನಲ್ಲಿ ಭಾರತೀಯರು ಬಹಳ. ಭಾವ ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಡುಗೆಮನೆಯಲ್ಲಿ ಚಕ್ಕುಲಿ ಕರಿಯುವ ಸದ್ದಿನ ಜೊತೆ ಮಧ್ಯಾಹ್ನ ಹನ್ನೆರಡಕ್ಕೆ ಟೀವಿಯಲ್ಲಿ ಪಂದ್ಯ ಶುರುವಾಯಿತು. ಕೋಚ್ ಇಲ್ಲ, ಅವರ ಜಾಗದಲ್ಲಿ ಮುಂಚೂಣಿಯ ಐವರನ್ನು ತರಬೇತು ಮಾಡುವ ಶೆರೋನ್ ಮೂರ್. ಸ್ವಲ್ಪ ಹೊತ್ತು ಎಸೆದು, ಓಡಿ ಆಡಿದ ಮಿಷಿಗನ್, ಆಮೇಲೆ ಎಸೆಯುವುದನ್ನೇ ನಿಲ್ಲಿಸಿಬಿಟ್ಟಿತು. ಓಟ, ಮತ್ತೆ ಓಟ, ಮತ್ತೆ ಓಟ. ಒಂದು ತಟ್ಟೆ ಚಕ್ಕುಲಿ ತಂದಿಟ್ಟ ಅಕ್ಕ ಸ್ವಲ್ಪ ಹೊತ್ತು ನಿಂತು ನೋಡಿ, “ಮತ್ತೆ ಅದನ್ನೇ ಮಾಡ್ತಿದಾರಲ್ರೀ, ಇವರಿಗೆ ಎಸೆಯೋಕೆ ಬರಲ್ವಾ?” ಎಂದರು. “ಬರುತ್ತೆ ಕಣೇ, ಬೇಕಾಗಿಲ್ಲ,” ಎಂದರು ಭಾವ. ಅಧಿಕೃತ ಲೆಕ್ಕದಲ್ಲಿ ಸತತ 32 ಓಟಗಳು. ಜೆ.ಜೆ. ಮೆಕಾರ್ಥಿ ಎಂಬ, ಮುಂದೆ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಹತ್ತನೆಯವನಾಗಿ ಆರಿಸಲ್ಪಟ್ಟ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಎಸೆದದ್ದು ಎಂಟೇ ಸಲ. ಪಂದ್ಯ 24-15ಕ್ಕೆ ಮುಗಿಯಿತು. ಟೀವಿಯ ಮೈಕಿನ ಮುಂದೆ ಶೆರೋನ್ ಮೂರ್ ಹಾರ್ಬಾ ಅವರನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತರು.

ಆ ಋತುವಿನ ಗೆಲುವುಗಳೆಲ್ಲ ಕದ್ದ ಸನ್ನೆಗಳ ಫಲ ಎಂದು ಯಾರಾದರೂ ಅಂದರೆ ನಾನು ಇಂದಿಗೂ ಈ ಪಂದ್ಯವನ್ನೇ ಮುಂದಿಡುವುದು. ಅಂದು ಮಿಷಿಗನ್ ಮುಂದೆ ಏನು ಮಾಡಲಿದೆ ಎಂಬುದು ಎದುರಾಳಿಗೆ, ಮೈದಾನದಲ್ಲಿದ್ದ ಲಕ್ಷ ಜನರಿಗೆ, ಕ್ಯಾಂಟನ್ನಿನ ಅಡುಗೆಮನೆಯಲ್ಲಿದ್ದವರಿಗೆ ಕೂಡ ಗೊತ್ತಿತ್ತು. ಗೊತ್ತಿದ್ದೂ ತಡೆಯಲು ಆಗಲಿಲ್ಲ. ಹಾಗೆಂದು ನಡೆದದ್ದು ಸರಿ ಎಂದು ನಾನು ವಾದಿಸುವುದಿಲ್ಲ. ಎರಡೂ ಒಟ್ಟಿಗೆ ನಿಜವಾಗಿರಬಹುದು.

ಮುಂದಿನ ವಾರಾಂತ್ಯದಲ್ಲಿ ಮೇರಿಲ್ಯಾಂಡ್ ಎದುರು 31-24ರ ಗೆಲುವು, ಕಾಲೇಜು ಫುಟ್‌ಬಾಲ್‌ನ ಇತಿಹಾಸದಲ್ಲಿ ಅದುವರೆಗೆ ಯಾವುದೇ ತಂಡ ಮುಟ್ಟದಿದ್ದ ಸಾವಿರನೆಯ ಗೆಲುವು. ಊರು ಸಂಭ್ರಮಿಸಿದ ಆ ರಾತ್ರಿ ನಾವು ಭಾರತೀಯ ವಿದ್ಯಾರ್ಥಿಗಳು ಮಲಗಲೇ ಇಲ್ಲ, ಕಾರಣ ಬೆಳಗಿನ ಜಾವ ಮೂರೂವರೆಗೆ ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟ್ ಫೈನಲ್ ಇತ್ತು. ಸತತ ಹತ್ತು ಪಂದ್ಯ ಗೆದ್ದಿದ್ದ, ದ್ರಾವಿಡ್ ತರಬೇತಿಯ ಭಾರತ ತಂಡ 240ಕ್ಕೆ ಆಲೌಟಾಯಿತು, ನಮ್ಮ ಕೆ.ಎಲ್. ರಾಹುಲ್ 107 ಎಸೆತಗಳಲ್ಲಿ 66 ಗಳಿಸಿ ಹೇಗೋ ನಿಂತರೂ ಸಾಕಾಗಲಿಲ್ಲ. ಟ್ರಾವಿಸ್ ಹೆಡ್ ನಮ್ಮಿಂದ ಪಂದ್ಯವನ್ನು ಕಿತ್ತುಕೊಂಡು ಹೋದ. ಭಾನುವಾರ ಮಧ್ಯಾಹ್ನ ಲ್ಯಾಬಿಗೆ ಬಂದ ಗೆಳೆಯ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಒಂದೂ ಸೋಲದೆ ಫೈನಲ್ ತಲುಪಿ ಅಲ್ಲಿ ಸೋತೆವು ಎಂದೆ. ಅವನ ಮುಖ ಬಿಳಿಚಿಕೊಂಡಿತು.

ನವೆಂಬರ್ 25, ಓಹಾಯೊ ಸ್ಟೇಟ್ ಪಂದ್ಯ. ಎರಡೂ ತಂಡ ಹನ್ನೊಂದಕ್ಕೆ ಹನ್ನೊಂದು ಗೆದ್ದು ಬಂದಿದ್ದವು. 1897ರಲ್ಲಿ ಆರಂಭವಾದ ಈ ವೈರ ಎಂಥದೆಂದರೆ, ಅದಕ್ಕೆ ಮುಂಚಿನ ವಾರ ಓಹಾಯೊ ಸ್ಟೇಟ್ ಕ್ಯಾಂಪಸ್ಸಿನ ಫಲಕಗಳಲ್ಲಿ ಎಂ ಅಕ್ಷರಕ್ಕೆಲ್ಲ ಕೆಂಪು ಪಟ್ಟಿ ಹೊಡೆದು ಅಳಿಸಿರುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಹೋದವರೆಲ್ಲ ಆ ಬೆಳಗ್ಗೆ ಹಿಂತಿರುಗಿದ್ದರು. ಕ್ರೀಡಾಂಗಣದಲ್ಲಿ ಒಂದು ಲಕ್ಷ ಹತ್ತು ಸಾವಿರಕ್ಕೂ ಹೆಚ್ಚು ಜನ. ನಿರ್ಣಾಯಕ ಯತ್ನ ಬಂದಾಗೆಲ್ಲ ಜನ ಜೇಬಿನಿಂದ ಕೀಲಿಗೊಂಚಲು ತೆಗೆದು ಅಲ್ಲಾಡಿಸುತ್ತಾರೆ. ಆ ಕಿಣಿಕಿಣಿ ಕೊರೆಯುವ ಗಾಳಿಯಲ್ಲಿ ಕಿವಿಗೆ ಚುಚ್ಚುವಂತೆ ಕೇಳುತ್ತಿತ್ತು. ಕೈಗವಸು ತೊಟ್ಟ ನನ್ನ ಬೆರಳುಗಳಲ್ಲಿ ಕೀಲಿ ನಿಲ್ಲುತ್ತಿರಲಿಲ್ಲ.

ಮೂರನೆಯ ಕಾಲುಭಾಗದಲ್ಲಿ, ಎದುರಾಳಿಯ 22 ಯಾರ್ಡ್ ಗೆರೆಯ ಹತ್ತಿರ, ಒಂದು ಗುಂಪು ಕುಸಿದು ಬಿದ್ದು ಎದ್ದಾಗ ಒಬ್ಬ ಏಳಲಿಲ್ಲ. ಅವನು 65ನೇ ಸಂಖ್ಯೆಯ ಝ್ಯಾಕ್ ಝಿಂಟರ್, ಆ ಐವರಲ್ಲಿ ಒಬ್ಬ, ತಂಡದ ನಾಯಕರಲ್ಲಿ ಒಬ್ಬ. ಎಡಗಾಲಿನ ಎರಡೂ ಮೂಳೆ ಮುರಿದಿದ್ದವು. ಆಟಗಾರರೆಲ್ಲ ಮೈದಾನಕ್ಕಿಳಿದು ಸುತ್ತ ನೆರೆದರು. ಕೀಲಿಗಳ ಸದ್ದು ನಿಂತು, ಅಷ್ಟೊಂದು ಜನರ ನಡುವೆ ಗಾಡಿಯ ಚಕ್ರದ ಸದ್ದು ನನಗೆ ಕೇಳಿಸುವಂತಿತ್ತು. ಗಾಡಿ ಹೊರಗೆ ಹೋಗುವಾಗ ಜನ ಅವನ ಹೆಸರನ್ನು ಕೂಗತೊಡಗಿದರು. ಆ ಸಾಲಿನವರ ಹೆಸರನ್ನು ಇಡೀ ಕ್ರೀಡಾಂಗಣ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದಾದ ಮುಂದಿನ ಯತ್ನದಲ್ಲೇ ಕೋರಮ್ ಬದಲಾದ ಸಾಲು ತೆರೆದ ಕಿಂಡಿಯಿಂದ 22 ಯಾರ್ಡ್ ಓಡಿ ಟಚ್‌ಡೌನ್ ಗಳಿಸಿ, ಕೈಬೆರಳುಗಳಲ್ಲಿ ಆರು ಮತ್ತು ಐದು ತೋರಿಸಿದ. ನನ್ನ ಪಕ್ಕದಲ್ಲಿದ್ದ, ಗುರುತು ಪರಿಚಯವಿಲ್ಲದ ಹುಡುಗಿಯೊಬ್ಬಳು ಅಳುತ್ತ ನನ್ನ ಭುಜವನ್ನು ಗುದ್ದುತ್ತಿದ್ದಳು. ಕೊನೆಗೆ 30-24ರಲ್ಲಿ ಓಹಾಯೊ ಸ್ಟೇಟ್ ಮುನ್ನುಗ್ಗುತ್ತಿದ್ದಾಗ, 25 ಸೆಕೆಂಡ್ ಬಾಕಿಯಿರುವಂತೆ ನಮ್ಮ ರಾಡ್ ಮೂರ್ ಅವರು ಎಸೆದ ಚೆಂಡನ್ನು ನಡುವೆಯೇ ಹಿಡಿದುಬಿಟ್ಟ. ಜನ ಗೋಡೆ ಹಾರಿ ಮೈದಾನಕ್ಕಿಳಿದರು, ನಾನೂ ಇಳಿದೆ. ಆ ಹುಲ್ಲು ಕೃತಕವಾದದ್ದೆಂಬುದು ನನಗೆ ತಿಳಿದದ್ದೇ ಆಗ.

ಇಂಡಿಯಾನಾಪೊಲಿಸ್‌ನಲ್ಲಿ ಅಯೋವಾ ತಂಡವನ್ನು 26-0ರಿಂದ ಸೋಲಿಸಿ ಬಿಗ್ ಟೆನ್ ಪ್ರಶಸ್ತಿ ಗೆದ್ದದ್ದು ಪರೀಕ್ಷೆಯ ಓದಿನ ನಡುವೆ ಮುಗಿದುಹೋಯಿತು. ಆಗ ರಾಷ್ಟ್ರೀಯ ಪ್ರಶಸ್ತಿಗೆ ನಾಲ್ಕೇ ತಂಡಗಳನ್ನು ಆಯ್ಕೆ ಸಮಿತಿ ಆರಿಸುತ್ತಿತ್ತು. ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ ಆಯ್ಕೆಯಾದವು; ಹದಿಮೂರಕ್ಕೆ ಹದಿಮೂರು ಗೆದ್ದಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು, ಅದರ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದನೆಂಬ ನೆಪದಲ್ಲಿ ಹೊರಗಿಟ್ಟರು. ಗೆದ್ದ ಪಂದ್ಯಗಳಿಗೆ ಬೆಲೆಯಿಲ್ಲದಿದ್ದರೆ ಆಡುವುದಾದರೂ ಯಾಕೆ ಎಂದು ಭಾವ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಜನವರಿ 1ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ರೋಸ್ ಬೌಲ್ ಸೆಮಿಫೈನಲ್, ಎದುರಾಳಿ ಅಲಬಾಮಾ. ನಾವು ಮತ್ತೆ ಕ್ಯಾಂಟನ್ನಿನಲ್ಲಿ. ನಾಲ್ಕನೆಯ ಕಾಲುಭಾಗದಲ್ಲಿ 20-13ರಿಂದ ಹಿಂದೆ. ಕೊನೆಯ ಅವಕಾಶದಂತಿದ್ದ ಸರದಿಯಲ್ಲಿ ನಾಲ್ಕನೆಯ ಯತ್ನಕ್ಕೆ ಎರಡು ಯಾರ್ಡ್ ಬೇಕಾಗಿತ್ತು. ತಪ್ಪಿದರೆ ಮೂರನೆಯ ವರ್ಷವೂ ಅದೇ ಹಣೆಬರಹ. ಋತುವಿಡೀ ಓಡಿ ಓಡಿ ಗೆದ್ದವರು ಆ ಹೊತ್ತಿನಲ್ಲಿ ಎಸೆದರು. ಅಲಬಾಮಾ ಓಟಕ್ಕೆ ಅಣಿಯಾಗಿತ್ತು, ಕೋರಮ್ ಬದಿಯಲ್ಲಿ ಜಾರಿ ಚೆಂಡು ಹಿಡಿದು ಮುನ್ನಡೆದ. ಸಮಯ 1 ನಿಮಿಷ 34 ಸೆಕೆಂಡ್ ಇರುವಾಗ ಮೆಕಾರ್ಥಿ ಎಸೆದ ಚೆಂಡನ್ನು ರೋಮನ್ ವಿಲ್ಸನ್ ಹಿಡಿದು ಅಂಕ ಸಮಗೊಳಿಸಿದ. ಕೊನೆಯ ಕ್ಷಣದಲ್ಲಿ ನಮ್ಮದೇ ತುದಿಗೆರೆಯ ಬಳಿ ಚೆಂಡು ಕೈಜಾರಿದಾಗ ಭಾವ ಸೋಫಾದಿಂದ ಎದ್ದು ದೇವರ ಕೋಣೆಯ ಕಡೆ ನಡೆದೇಬಿಟ್ಟರು; ಹೇಗೋ ಅದು ನಮ್ಮವರಿಗೇ ಸಿಕ್ಕಿತು. ಹೆಚ್ಚುವರಿ ಆಟದಲ್ಲಿ ಟಚ್‌ಡೌನ್ ಗಳಿಸಲು ಕೋರಮ್‌ಗೆ ಬೇಕಾದದ್ದು ಎರಡೇ ಓಟ. ಅಲಬಾಮಾ ಸರದಿಯ ನಾಲ್ಕನೆಯ ಯತ್ನದಲ್ಲಿ, ಗೆರೆಗೆ ಮೂರು ಯಾರ್ಡ್ ದೂರದಿಂದ ಜೇಲನ್ ಮಿಲ್ರೋ ನಟ್ಟನಡುವೆ ನುಗ್ಗಿ ಅಲ್ಲೇ ಹೂತುಹೋದ. 27-20.

ಇದಾದ ಮೇಲೆ ಜನವರಿ 8ರ ಹ್ಯೂಸ್ಟನ್ ಫೈನಲ್ ನನಗೆ ಸ್ವಲ್ಪ ಸಪ್ಪೆಯೆನಿಸಿದರೆ ಅದು ವಾಷಿಂಗ್ಟನ್ ತಂಡದ ತಪ್ಪಲ್ಲ. ಅವರೂ ಹದಿನಾಲ್ಕಕ್ಕೆ ಹದಿನಾಲ್ಕು ಗೆದ್ದವರು, ಆ ವರ್ಷದ ಜೋ ಮೂರ್ ಪ್ರಶಸ್ತಿ ಸಂದದ್ದು ಅವರ ಮುಂಚೂಣಿಗೆ. ಆದರೆ ಮೊದಲ ಕಾಲುಭಾಗದಲ್ಲೇ ನಮ್ಮ ಡೊನೊವನ್ ಎಡ್ವರ್ಡ್ಸ್ 41 ಮತ್ತು 46 ಯಾರ್ಡ್‌ಗಳ ಎರಡು ಓಟಗಳಲ್ಲಿ ಟಚ್‌ಡೌನ್ ಗಳಿಸಿದ. ಒಟ್ಟು ಓಟದ ಗಳಿಕೆ 303 ಯಾರ್ಡ್. ಮಧ್ಯೆ ಅಂತರ ಏಳಕ್ಕೆ ಇಳಿದು ಒಂದಷ್ಟು ಹೊತ್ತು ಅಲ್ಲಿಯೇ ತೂಗಾಡಿದಾಗ ನನ್ನ ಮನಸ್ಸು ಅಹಮದಾಬಾದಿಗೆ ಹೋಗಿ ಬಂತು. ಮೈಕ್ ಸೇನ್ರಿಸ್ಟಿಲ್ ಎದುರಾಳಿಯ ಎಸೆತವನ್ನು ಕಸಿದು 81 ಯಾರ್ಡ್ ಓಡಿದಾಗ ಉಸಿರು ಬಿಟ್ಟೆವು. 34-13; ಹದಿನೈದಕ್ಕೆ ಹದಿನೈದು. ಮಧ್ಯರಾತ್ರಿಯ ಹೊತ್ತಿಗೆ ಸೌತ್ ಯೂನಿವರ್ಸಿಟಿ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತರಗತಿಗಳು ಇನ್ನೂ ಆರಂಭವಾಗದ್ದರಿಂದ ಬೆಳಗ್ಗೆ ಏಳುವ ಚಿಂತೆ ಯಾರಿಗೂ ಇರಲಿಲ್ಲ.

ಶನಿವಾರದ ಮೆರವಣಿಗೆಯನ್ನು ಹಿಮಗಾಳಿಯಲ್ಲಿ ನಿಂತು ನೋಡಿದೆ. ಸಂಕ್ರಾಂತಿಗೆಂದು ಅಕ್ಕ ಕಟ್ಟಿಕೊಟ್ಟಿದ್ದ ಎಳ್ಳುಬೆಲ್ಲವನ್ನು ಲ್ಯಾಬಿನ ಗೆಳೆಯನಿಗೆ ಅಲ್ಲೇ ಕೊಟ್ಟೆ. ಅದೇ ತಿಂಗಳ 24ರಂದು ಹಾರ್ಬಾ ವೃತ್ತಿಪರ ಲೀಗಿನ ಚಾರ್ಜರ್ಸ್ ತಂಡಕ್ಕೆ ಹೊರಟುಹೋದರು. ಏಪ್ರಿಲ್‌ನ ಆಯ್ಕೆಯಲ್ಲಿ ಹದಿಮೂರು ಆಟಗಾರರು ಅವರ ಹಾದಿ ಹಿಡಿದರು. ಆ ವರ್ಷದಿಂದಲೇ ಹೆಲ್ಮೆಟ್ಟಿನೊಳಗೆ ರೇಡಿಯೊ ಬಂದು ಸನ್ನೆಗಳ ರಗಳೆ ಬಹುಮಟ್ಟಿಗೆ ತಪ್ಪಿತು. ಸನ್ನೆ ಪ್ರಕರಣದ ತೀರ್ಪು ಬರಲು 2025ರ ಆಗಸ್ಟ್ ಆಗಬೇಕಾಯಿತು: ಭಾರಿ ದಂಡ, ಹಾರ್ಬಾ ಹಾಗೂ ಸ್ಟಾಲಿಯನ್ಸ್ ಮೇಲೆ ಕಾಲೇಜು ಕ್ರೀಡೆಯಲ್ಲಿ ದೀರ್ಘ ನಿರ್ಬಂಧ, ಗೆಲುವುಗಳು ಮಾತ್ರ ದಾಖಲೆಯಲ್ಲಿ ಉಳಿದವು.

ನನ್ನ ಎರಡನೆಯ ವರ್ಷದಲ್ಲಿ, ಅದೇ ಬೆಂಚಿನ ಮೇಲೆ ನಿಂತು, ಟೆಕ್ಸಸ್ ಎದುರು 31-12ರ ಸೋಲನ್ನು ನೋಡಿದೆ. ತಂಡ ಆ ಋತುವನ್ನು ಎಂಟು ಗೆಲುವು, ಐದು ಸೋಲಿನಲ್ಲಿ ಮುಗಿಸಿತು. ಆದರೂ ನವೆಂಬರ್ ಕೊನೆಯಲ್ಲಿ ಕೊಲಂಬಸ್‌ಗೆ ಹೋಗಿ, ಬಲಿಷ್ಠವಾಗಿದ್ದ ಓಹಾಯೊ ಸ್ಟೇಟ್ ತಂಡವನ್ನು 13-10ರಿಂದ ಸೋಲಿಸಿ ಬಂತು. ರಾಷ್ಟ್ರೀಯ ಪ್ರಶಸ್ತಿಯ ಸ್ಪರ್ಧೆ ಆ ವರ್ಷದಿಂದ ಹನ್ನೆರಡು ತಂಡಗಳಿಗೆ ಹಿಗ್ಗಿದ್ದರಿಂದ ಎರಡು ಸೋಲುಂಡಿದ್ದ ಓಹಾಯೊ ಸ್ಟೇಟ್‌ಗೂ ಬಾಗಿಲು ತೆರೆಯಿತು, ಮತ್ತು ಕೊನೆಗೆ ಚಾಂಪಿಯನ್ ಆದದ್ದು ಅವರೇ. ಲ್ಯಾಬಿನ ಗೆಳೆಯ ಅದನ್ನು ಪ್ರಶಸ್ತಿಯೆಂದು ಈಗಲೂ ಒಪ್ಪುವುದಿಲ್ಲ.